ಮಾವನ ತಾಳ, ಜಮೈಕಾದ ಸ್ಕ

ಅಡಿಕೆ ಕೊಯ್ಲಿನ ಸಮಯಕ್ಕೆ ತೀರ್ಥಹಳ್ಳಿ ಹತ್ತಿರದ ಮಾವನ ಮನೆಗೆ ಹೋಗಿದ್ದೆ. ರಾತ್ರಿ ಊಟ ಆದಮೇಲೆ ಏಳೆಂಟು ಜನ ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂತಿದ್ದರು. ಏನಾದ್ರೂ ಹಾಡು ಹಾಕು ಅಂದರು. ಮೊಬೈಲಿನಲ್ಲಿ ಸ್ಕಟಲೈಟ್ಸ್ ಹಾಕಿದೆ. ಸ್ಕ ಅನ್ನೋ ಜಮೈಕಾದ ಕುಣಿತದ ಸಂಗೀತ ನುಡಿಸುವ ತಂಡ ಅದು.

ಮಾವ ಭಜನೆಯಲ್ಲಿ ತಾಳ ಹಾಕುವವರು. ತೊಡೆ ತಟ್ಟುತ್ತಾ ಕೇಳಿದರು. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿಬಿಟ್ಟರು. "ಇದೇನೇ ಇದು, ನಾನು ತಟ್ಟಿದಾಗ ಗಿಟಾರಿನವನು ಸುಮ್ನಿರ್ತಾನೆ, ಕೈ ಎತ್ತಿದಾಗ ಬಾರಿಸ್ತಾನೆ!"

ನಾನು ತಿಂಗಳುಗಟ್ಟಲೆ ಕಲಿತದ್ದನ್ನು ಅವರು ಒಂದೇ ಮಾತಲ್ಲಿ ಹೇಳಿದ್ದರು.

1950ರ ದಶಕದಲ್ಲಿ ಜಮೈಕಾದ ಜನ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಸಂಗೀತವನ್ನು ರೇಡಿಯೋದಲ್ಲಿ, ಬೀದಿಯ ದೊಡ್ಡ ಸ್ಪೀಕರುಗಳಲ್ಲಿ ಕೇಳುತ್ತಿದ್ದರು. ಆಮೇಲೆ ರಾಜಧಾನಿ ಕಿಂಗ್‌ಸ್ಟನ್ನಿನ ವಾದಕರು ತಾವೇ ನುಡಿಸತೊಡಗಿದಾಗ ಒತ್ತು ಜಾಗ ಬದಲಿಸಿತು. ಗಿಟಾರ್ ವಾದಕ ಅರ್ನೆಸ್ಟ್ ರಾಂಗ್ಲಿನ್ ಪ್ರಕಾರ ಅಮೆರಿಕದ್ದು 'ಚಿಂಕ್-ಕ', ತಮ್ಮದು 'ಕ-ಚಿಂಕ್'. 1962ರಲ್ಲಿ ದೇಶ ಸ್ವತಂತ್ರವಾದಾಗ ಅಲ್ಲಿ ಕುಣಿಸುತ್ತಿದ್ದದ್ದು ಇದೇ ಸಂಗೀತ.

ಹೆಸರಿನ ಬಗ್ಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಕತೆ. ಬಾಸ್ ವಾದಕ ಕ್ಲೂಯೆಟ್ ಜಾನ್ಸನ್ ಸ್ನೇಹಿತರು ಸಿಕ್ಕಾಗ 'ಸ್ಕವೂವಿ' ಅನ್ನುತ್ತಿದ್ದರಂತೆ, ಅದೇ ಮೊಟಕಾಗಿ ಸ್ಕ ಆಯಿತು ಅಂತ ಒಂದು. ಕೀಬೋರ್ಡಿನ ಜಾಕಿ ಮಿಟೂ ಬೇರೆಯೇ ಹೇಳುತ್ತಾರೆ: ವಾದಕರು ಅದನ್ನು 'ಸ್ಟೇಯಾ ಸ್ಟೇಯಾ' ಅನ್ನುತ್ತಿದ್ದರು, ಸ್ಕ ಅನ್ನೋ ಹೆಸರು ತಂದದ್ದು ವಾದ್ಯತಂಡ ನಡೆಸುತ್ತಿದ್ದ ಬೈರನ್ ಲೀ. ರಾಂಗ್ಲಿನ್ ಹೇಳುವುದು ಗಿಟಾರಿನ ಸದ್ದನ್ನೇ. ತಂತಿ ಗೀರಿದಾಗ ಬರುವ 'ಸ್ಕಾಟ್, ಸ್ಕಾಟ್'.

ನನಗೆ ರಾಂಗ್ಲಿನ್ ಮಾತೇ ನಿಜ ಅನಿಸುತ್ತದೆ. ಬುಡುಬುಡಿಕೆಗೆ ಆ ಹೆಸರು ಎಲ್ಲಿಂದ ಬಂತು ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಅಲ್ವಾ? ಅಲ್ಲಾಡಿಸಿದರೆ ಸಾಕು, ಅದೇ ಹೇಳುತ್ತದೆ. ಶಿವಮೊಗ್ಗದ ನನ್ನ ಕೋಣೆಯಲ್ಲಿ ಈ ಪಟ್ಟು ಕಲಿಯುವಾಗ ಬಲಗೈ ಮೇಲ್ಮುಖವಾಗಿ ಗೀರಬೇಕಿತ್ತು, ಎಡಗೈ ಬೆರಳನ್ನು ಕೂಡಲೇ ಸಡಿಲಿಸಬೇಕಿತ್ತು. ಬೆರಳು ತಡವಾದರೆ ಸದ್ದು ಝಂಯ್ ಅಂತ ಉದ್ದಕ್ಕೆ ಎಳೆಯುತ್ತಿತ್ತು. ಒಂದು ಸಂಜೆ ಸರಿಯಾಗಿ ಬಿತ್ತು. ಸದ್ದು ಹುಟ್ಟಿದಲ್ಲೇ ನಿಂತಿತು. ಸ್ಕ! ಖುಷಿಗೆ ಅರ್ಧ ಗಂಟೆ ಅದೊಂದನ್ನೇ ಬಾರಿಸಿದೆ.

ಆ ರಾತ್ರಿ ಮಾವ ಮೂರನೇ ಹಾಡಿಗೆ ದಾರಿ ಹಿಡಿದರು. ಕೈ ತೊಡೆಗೆ ಬಿದ್ದಾಗ ತಾಳ, ಕೈ ಎತ್ತಿದಾಗ ಬಾಯಲ್ಲಿ 'ಚಕ್'. ಆಚೆ ತುದಿಯಲ್ಲಿದ್ದ ಅತ್ತೆ ಸುಲಿಯುತ್ತಲೇ ತಲೆ ಆಡಿಸತೊಡಗಿದರು. "ಇನ್ನೊಂದು ಹಾಕೇ" ಅಂದರು.