ಮೊದಲು ಹಳೆಯ ಕಡತ ತೆರೆಯಿರಿ

ಅಮೆರಿಕದ ಶಾಲೆಗಳಿಗೆ ಸಶಸ್ತ್ರ ಕಾವಲುಗಾರರನ್ನು ನೇಮಿಸುವ ಮಾತು ಬಂದಾಗಲೆಲ್ಲ ಚರ್ಚೆ ಗುರಿಗೆ ಗುಂಡು ಹೊಡೆಯುವ ಕೌಶಲದ ಸುತ್ತಲೇ ಗಿರಕಿ ಹೊಡೆಯುತ್ತದೆ. ಶಾಲೆಗಳಿಗೆ ಇಂಥ ಕಾವಲುಗಾರರನ್ನು ತಯಾರು ಮಾಡುವ ಫ್ಲಾರಿಡಾದ ಗಾರ್ಡಿಯನ್ ಯೋಜನೆಯಲ್ಲಿ 144 ಗಂಟೆ ತರಬೇತಿ. ಅದರಲ್ಲಿ 80 ಗಂಟೆ ಬಂದೂಕಿಗೇ ಮೀಸಲು, ಶೂಟಿಂಗ್‌ನಲ್ಲಿ ಶೇ. 85 ಅಂಕ ಕಡ್ಡಾಯ. ಮಾನಸಿಕ ಪರೀಕ್ಷೆ, ಡ್ರಗ್ ಟೆಸ್ಟ್ ಕೂಡ ಇವೆ. ಒಳ್ಳೆಯದೇ.

ಆದರೆ 2018ರಲ್ಲಿ ಅದೇ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಜನ ಸತ್ತಾಗ ಹೊರಗೇ ನಿಂತಿದ್ದ ಸಶಸ್ತ್ರ ಪೊಲೀಸ್ ಅಧಿಕಾರಿಗೆ ದಶಕಗಳ ಅನುಭವವಿತ್ತು. ಕಾಗದದ ಗುರಿಗೆ ಹೊಡೆಯುವುದು ಬೇರೆ, ಗುಂಡಿನ ಸದ್ದು ಬರುವ ಕಡೆಗೇ ಒಬ್ಬನೇ ಹೋಗುವುದು ಬೇರೆ. ಎರಡನೆಯದನ್ನು ಅಂಕದಲ್ಲಿ ಅಳೆಯಲಾಗದು. ಸ್ವಲ್ಪ ಮಟ್ಟಿಗೆ ತಿಳಿಸುವುದು ಹಳೆಯ ಸೇವಾ ದಾಖಲೆ. ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ?

ಟೆಕ್ಸಾಸ್‌ನ ಯುವಾಲ್ಡಿ ಊರಿನಲ್ಲಿ ಆಗಿದ್ದು ಅದೇ. 2022ರ ಮೇ 24ರಂದು ಅಲ್ಲಿನ ಶಾಲೆಯೊಳಗೆ ಬಂದೂಕುಧಾರಿ ಮಕ್ಕಳನ್ನು ಕೊಂದಾಗ, ಅವನನ್ನು ಎದುರಿಸದೆ 77 ನಿಮಿಷ ಕಾದ ಪೊಲೀಸರ ಮೇಲೆ ತನಿಖೆ ನಡೆಯುತ್ತಿತ್ತು. ಆ ತನಿಖೆಗೆ ಒಳಗಾಗಿದ್ದವರಲ್ಲೇ ಒಬ್ಬರನ್ನು ಅದೇ ಊರಿನ ಶಾಲಾ ಪೊಲೀಸ್‌ಗೆ ಸೇರಿಸಿಕೊಂಡರು. ಸುದ್ದಿ ಹೊರಬಿದ್ದ ಮೇಲೆ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಮಕ್ಕಳನ್ನು ಕಳೆದುಕೊಂಡ ಮನೆಯವರು ಇದನ್ನೂ ನೋಡಬೇಕಾಯಿತು.

ಹಳೆಯ ಇಲಾಖೆಗೆ ಫೋನ್ ಮಾಡಿ "ಹೇಗಿದ್ದರು?" ಅಂದರೆ "ಪರವಾಗಿಲ್ಲ" ಅನ್ನುವ ಉತ್ತರವೇ ಬರುವುದು. ಅಭ್ಯರ್ಥಿಯಿಂದ ಸಹಿ ಹಾಕಿದ ಒಪ್ಪಿಗೆ ಪತ್ರ ಪಡೆದು ಪೂರ್ತಿ ಕಡತ ತರಿಸಿ. ಬಾಕಿ ತನಿಖೆ ಇದೆಯೇ, ವಿಚಾರಣೆ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟಿದ್ದಾರೆಯೇ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ, ಈ ಮೂರಕ್ಕೂ ಲಿಖಿತ ಉತ್ತರ ಕೇಳಿ. ಮೂರನೆಯದಕ್ಕೆ ಉತ್ತರ ತಪ್ಪಿಸಿದರೆ ನೇಮಕ ಅಲ್ಲೇ ನಿಲ್ಲಲಿ. ಶಾಲೆ ತೆರೆಯಲು ಎರಡೇ ವಾರ ಉಳಿದಿದ್ದರೂ ಸರಿ.