ಎಡಗಡೆಯ ಎರಡನೇ ವಾಲ್ವ್

ಅವತ್ತು ರಾತ್ರಿ ಎಡಗಡೆ ಸ್ಪೀಕರ್‌ನ ದನಿ ಕಟ್ಟಿತು. ನೆಗಡಿಯಾದವರು ಹಾಡಿದ ಹಾಗೆ ಕೇಳಿಸುತ್ತಿತ್ತು. ಕೋಣೆಯ ದೀಪ ಆರಿಸಿ ಆಂಪ್ಲಿಫೈಯರ್ ಕಡೆ ಬಗ್ಗಿ ನೋಡಿದೆ. ದನಿಯನ್ನು ಹಿಗ್ಗಿಸುವ ಗಾಜಿನ ಕೊಳವೆಗಳೇ ವಾಲ್ವ್‌ಗಳು. ನಾಲ್ಕು ಇಎಲ್84 ಮಾದರಿಯ ವಾಲ್ವ್‌ಗಳಲ್ಲಿ ಮೂರು ಎಂದಿನಂತೆ ಹೊಟ್ಟೆಯಲ್ಲಿ ಸಣ್ಣ ಕೆಂಡ ಇಟ್ಟುಕೊಂಡು ಕೂತಿದ್ದವು. ಎಡಗಡೆಯ ಎರಡನೆಯದು ಮಾತ್ರ ಬೇರೆ. ಒಳಗಿನ ಬೂದು ತಗಡೇ, ಅಂದರೆ ಆನೋಡೇ, ಕಾದ ಕಬ್ಬಿಣದಂತೆ ಕೆಂಪಾಗಿತ್ತು. ಓಡಿಹೋಗಿ ಸ್ವಿಚ್ ಆರಿಸಿದೆ.

ವಯಸ್ಸಾಯ್ತು ಪಾಪ, ಅಂದುಕೊಂಡೆ. ಲೆಕ್ಕವೂ ಹೊಂದುತ್ತಿತ್ತು. ವಾಲ್ವ್ ನಡುವೆ ಕಾಯುವ ಭಾಗ ಕ್ಯಾಥೋಡ್. ಅದರ ಮೇಲೆ ಬೇರಿಯಂ, ಸ್ಟ್ರಾಂಷಿಯಂ ಆಕ್ಸೈಡಿನ ಲೇಪ ಇರುತ್ತದೆ. ಬಿಸಿಯಾದಾಗ ಎಲೆಕ್ಟ್ರಾನು ಚಿಮ್ಮುವುದು ಅದರಿಂದಲೇ. ಬಳಸಿದಷ್ಟೂ ಅದು ಸೋಲುತ್ತಾ ಹೋಗುತ್ತದೆ. ಇಎಲ್84 ಥರ ಸ್ಪೀಕರ್ ನಡೆಸುವ ಪವರ್ ವಾಲ್ವ್ ಆದರೆ ಸಾಮಾನ್ಯವಾಗಿ ಎರಡರಿಂದ ಐದು ಸಾವಿರ ಗಂಟೆ. ಅದಕ್ಕೂ ಮೊದಲಿನ ಹಂತದ ಇಸಿಸಿ83 ಥರದ ಸಣ್ಣವು ಹತ್ತು ಸಾವಿರ ಗಂಟೆ ದಾಟುವುದೂ ಉಂಟು, ಅವಕ್ಕೆ ಕೆಲಸ ಹಗುರ. ನಾನು ದಿನಕ್ಕೆ ಎರಡು ಗಂಟೆಯಂತೆ ಐದು ವರ್ಷ ಕೇಳಿದ್ದೆ. ಸುಮಾರು 3,650 ಗಂಟೆ. ಸರಿ, ಹೊಸದು ಹುಡುಕೋಣ ಅಂತ ಹೊರಟೆ.

ಇವತ್ತಿಗೂ ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ವಾಲ್ವ್ ತಯಾರಾಗುತ್ತವೆ. ಸುಮ್ನೆ ಅದನ್ನೇ ಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನನಗೆ ಹಳೇದೇ ಬೇಕಿತ್ತು, ಉಳಿದ ಮೂರರ ಜೊತೆಗಾರನೇ ಬೇಕಿತ್ತು. ಹಟ, ಇನ್ನೇನು! ಮೂರು ವಾರ ಇದೇ ಗೀಳು. ಇಎಲ್84 ಅನ್ನೇ ಅಮೆರಿಕದವರು 6ಬಿಕ್ಯೂ5 ಅನ್ನುತ್ತಾರೆ. ಗಾಜಿನ ಮೇಲಿನ ಬ್ರಾಂಡ್ ಹೆಸರನ್ನು ನಂಬುವಂತಿಲ್ಲ, ಒಂದು ಕಂಪನಿ ಇನ್ನೊಂದರ ಮಾಲು ಕೊಂಡು ತನ್ನ ಮುದ್ರೆ ಒತ್ತುತ್ತಿತ್ತು. ನೋಡಬೇಕಾದ್ದು ಗಾಜಿನ ಬುಡದಲ್ಲಿ ಕೆತ್ತಿದ ಪುಟ್ಟ ಸಂಕೇತವನ್ನು. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದಾದರೆ ಅದರಲ್ಲಿ ಬಿ ಅಕ್ಷರ ಇರುತ್ತದೆ. ಟಾರ್ಚ್ ಹಿಡಿದು ಆ ಅಕ್ಷರ ಹುಡುಕಿದ್ದರಲ್ಲಿ ಕಣ್ಣು ನೋವು ಬಂತು.

ಕೊನೆಗೆ ಒಬ್ಬರಿಂದ ಎರಡು ಬಂದವು. 'ಹಳೇ ದಾಸ್ತಾನು, ಬಳಸಿಯೇ ಇಲ್ಲ' ಅಂದಿದ್ದರು. ಒಂದರ ಪಿನ್ನುಗಳ ಮೇಲೆ ಉದ್ದುದ್ದ ಗೀರುಗಳಿದ್ದವು. ಬಳಸದ ವಾಲ್ವ್ ಸಾಕೆಟ್ಟಿಗೆ ಯಾಕೆ ಹೋಗಿತ್ತೋ! ಇನ್ನೊಂದರ ನೆತ್ತಿ ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. ಅಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಬೇರಿಯಂ ಲೇಪಕ್ಕೆ ಗೆಟರ್ ಅನ್ನುತ್ತಾರೆ. ಒಳಗೆ ಉಳಿದ ಅನಿಲವನ್ನು ಹೀರುವುದು ಅದರ ಕೆಲಸ. ಅದು ಬೆಳ್ಳಗಾಯಿತೆಂದರೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ. ಬಹುಶಃ ದಾರಿಯಲ್ಲೇ ಗಾಜು ಬಿರುಕು ಬಿಟ್ಟಿತ್ತು.

ಗೀರಿನದನ್ನೇ ಹಾಕಿದೆ. ಹತ್ತು ನಿಮಿಷ ಚೆನ್ನಾಗಿತ್ತು. ಹದಿನೈದಕ್ಕೆ ಅದೂ ಕೆಂಪಾಯಿತು!

ರೇಡಿಯೋ ರಿಪೇರಿಯಲ್ಲೇ ತಲೆ ಹಣ್ಣಾದ ಗೆಳೆಯನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ವಾಲ್ವ್‌ಗಳ ಜಾಗ ಅದಲುಬದಲು ಮಾಡಿ ನೋಡಿದ್ಯೇನೋ?"

ನೋಡಿರಲಿಲ್ಲ. ಮೂರು ವಾರದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಬಲಗಡೆಯ ಗಟ್ಟಿ ವಾಲ್ವ್ ತಂದು ಆ ಸಾಕೆಟ್ಟಿಗೆ ಹಾಕಿದೆ. ಅದೂ ಕೆಂಪಾಗತೊಡಗಿತು. ತಕ್ಷಣ ಆರಿಸಿದೆ.

ಆಮೇಲಿನದು ಬೇಗ ಮುಗಿಯಿತು. ಆ ಸಾಕೆಟ್ಟಿನಿಂದ ವಾಲ್ವ್ ತೆಗೆದು, ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್‌ನ ಪಿನ್ನಿನಲ್ಲಿ ಮೀಟರ್ ಇಟ್ಟೆ. ಸೊನ್ನೆ ಇರಬೇಕಾದಲ್ಲಿ 6 ವೋಲ್ಟ್. ವಾಲ್ವೇ ಇಲ್ಲದಿರುವಾಗ ವೋಲ್ಟೇಜ್ ಬಂದಿತೆಂದರೆ ತಪ್ಪು ಅದರದ್ದಲ್ಲ, ಅಲ್ವಾ? ಹಿಂದಿನ ಹಂತದಿಂದ ಸಂಗೀತವನ್ನಷ್ಟೇ ದಾಟಿಸಿ ಡಿಸಿಯನ್ನು, ಅಂದರೆ ಒಂದೇ ದಿಕ್ಕಿನ ಕರೆಂಟನ್ನು, ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಗ್ರಿಡ್‌ನ ವೋಲ್ಟೇಜ್ ಮೇಲೇರಿದಷ್ಟೂ ವಾಲ್ವ್ ಜಾಸ್ತಿ ಕರೆಂಟ್ ಎಳೆಯುತ್ತದೆ, ತಗಡು ಬೇಯುತ್ತದೆ. 0.1 ಮೈಕ್ರೋಫ್ಯಾರಡ್‌ನ ಕಡಲೆಬೀಜದಷ್ಟು ಹೊಸ ಕೆಪಾಸಿಟರ್ ತಂದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಕೂತಿರಬಹುದು, ಅದನ್ನು ರೆಸಿಸ್ಟರ್ ಮೂಲಕ ಇಳಿಸಿಯೇ ಕೈ ಹಾಕಿದೆ. ಬೆಸುಗೆಗೆ ಐದು ನಿಮಿಷ ಹಿಡಿಯಿತು.

'ಸತ್ತ' ಹಳೇ ವಾಲ್ವನ್ನು ಮತ್ತೆ ಹಾಕಿದೆ. ಹಾಡಿತು! ವಾಲ್ವ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸುವ ಕ್ಯಾಥೋಡ್ ರೆಸಿಸ್ಟರ್ ಮೇಲೆ ಉಳಿದ ಮೂರರಲ್ಲಿ 10 ವೋಲ್ಟ್ ಆಸುಪಾಸು, ಇದರಲ್ಲಿ 8.5. ಬೆಂದು ಸ್ವಲ್ಪ ಸೊರಗಿತ್ತು, ಅಷ್ಟೇ. ಗೀರು ಬಿದ್ದದ್ದು 9.8 ತೋರಿಸಿತು. ಎಡಗಡೆಯ ಜೋಡಿ ಸರಿಯಾಗಿ ಹೊಂದಲಿ ಎಂದು ಅದನ್ನೇ ಉಳಿಸಿಕೊಂಡೆ.

ಹಳೆಯದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಲೆ ಪೆನ್ಸಿಲ್‌ನಲ್ಲಿ '8.5' ಅಂತ ಬರೆದಿದೆ. ಹಾಲು ಬಣ್ಣದ್ದು ಮೇಜಿನ ಮೇಲಿದೆ, ಬಂದವರೆಲ್ಲ ಅದನ್ನೇ ಚೆಂದ ಅನ್ನುತ್ತಾರೆ.