ಸೊಂಟಕ್ಕೊಂದು ರಿವಾಲ್ವರ್ ಆರಿಸಿದ ದಿನ

ನಮ್ಮ ಮನೆಗೆ ಕೋವಿ ಹೊಸದಲ್ಲ. ಅಜ್ಜನ ಕಾಲದ ಜೋಡಿ ನಳಿಗೆ ಕೋವಿಗೆ ಇವತ್ತಿಗೂ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಆದರೆ ಗೋಡೆಯ ಮೇಲಿರುವ ಕೋವಿ ಬೇರೆ, ಮೈಮೇಲೆ ಇಟ್ಟುಕೊಂಡು ಓಡಾಡುವುದು ಬೇರೆ. ಅದಕ್ಕೇ ನಾನು ವಿನಾಯಿತಿಯ ಮೇಲೆ ಭಾರ ಹಾಕದೆ, ಮಡಿಕೇರಿಯಲ್ಲಿ ಡಿಸಿ ಕಚೇರಿಗೆ ಅರ್ಜಿ ಕೊಟ್ಟು, ತರಬೇತಿ ಮುಗಿಸಿ, ಪೊಲೀಸ್ ವರದಿ ಆದ ಮೇಲೆ ಲೈಸೆನ್ಸೇ ಮಾಡಿಸಿಕೊಂಡೆ.

ಕಾರಣ ಬಟವಾಡೆಯ ದುಡ್ಡು. ತೋಟ ನೋಡಿಕೊಳ್ಳುವವಳು ನಾನೊಬ್ಬಳೇ. ಕಾಯಂ ಆಳುಗಳಿಗೆ ಸಂಬಳ ಅಕೌಂಟಿಗೇ ಹೋಗುತ್ತದೆ. ಕಾಫಿ ಕುಯ್ಲಿಗೆ ಹೊರಗಿನಿಂದ ಬರುವವರು ಮಾತ್ರ ನಗದೇ ಕೇಳುತ್ತಾರೆ. ಕಳೆದ ಕುಯ್ಲಿನಲ್ಲಿ ಗೋಣಿಕೊಪ್ಪದ ಬ್ಯಾಂಕಿನಿಂದ ಹೊರಟಾಗ ಒಂದು ಬೈಕು ನನ್ನ ಜೀಪಿನ ಹಿಂದೆಯೇ ತೋಟದ ಗೇಟಿನವರೆಗೂ ಬಂತು. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೈಸೂರಿನ ಬಂದೂಕು ಅಂಗಡಿಗೆ ಹೋಗುವಾಗ ಮಾವನನ್ನೂ ಕರೆದುಕೊಂಡು ಹೋದೆ. ಸೈನ್ಯದಲ್ಲಿದ್ದವರು. ದಾರಿಯಲ್ಲಿ ಅವರು ಮೊದಲು ಹೇಳಿದ್ದೇ ಆನೆಯ ವಿಷಯ. "ಆನೆ ಬಂದರೆ ಅಂತ ಮನಸ್ಸಿನಲ್ಲಿದ್ದರೆ ಈಗಲೇ ತೆಗೆದುಹಾಕು. ಈ ಸಣ್ಣ ಗುಂಡಿಗೆ ಆನೆ ಬೀಳುವುದಿಲ್ಲ, ಗಾಯವಾಗಿ ರೊಚ್ಚಿಗೇಳುತ್ತದೆ. ಆನೆ ಕಂಡರೆ ಹಿಂದೆ ಸರಿ, ಅರಣ್ಯ ಇಲಾಖೆಗೆ ಫೋನ್ ಮಾಡು." ಆನೆ ಕಾಟವಿರುವ ಸಿದ್ದಾಪುರ, ಅಮ್ಮತ್ತಿ ಕಡೆಯವರೆಲ್ಲ ಈ ಮಾತನ್ನು ಕೇಳಿಸಿಕೊಳ್ಳಬೇಕು.

ನಮ್ಮ ದೇಶದಲ್ಲಿ ಆಯ್ಕೆಯೇನೂ ಜಾಸ್ತಿ ಇಲ್ಲ. 9 ಎಂಎಂ, .38, .45 ಇವೆಲ್ಲ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಹೆಚ್ಚಿನವರು ಬಂದು ನಿಲ್ಲುವುದು .32ರ ಹತ್ತಿರ. ಅಂಗಡಿಯವರು ಲೈಸೆನ್ಸ್ ನೋಡಿ, ಬಟ್ಟೆ ಹಾಸಿ ಮೂರನ್ನು ಇಟ್ಟರು. ಕಾನ್ಪುರದ ಹಳೆಯ ಮಾದರಿಯ ಉಕ್ಕಿನ ರಿವಾಲ್ವರ್, 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್, ಮತ್ತೆ ಅಶನಿ ಪಿಸ್ತೂಲು. 2023ರಲ್ಲಿ ಬಂದ ಪ್ರಬಲ್ ರಿವಾಲ್ವರ್ ಅವರ ಹತ್ತಿರ ಇರಲಿಲ್ಲ.

ಮಾವನ ಕಣ್ಣು ಪಿಸ್ತೂಲಿನ ಮೇಲೆ. ಚಪ್ಪಟೆಯಾಗಿದೆ, ಬಟ್ಟೆಯೊಳಗೆ ಎದ್ದು ಕಾಣುವುದಿಲ್ಲ ಅಂದರು. ನಿಜ. ಆದರೆ ಮೇಲ್ಭಾಗದಲ್ಲಿ ಜಾರುವ ಸ್ಲೈಡ್ ಹಿಂದಕ್ಕೆ ಎಳೆಯುವುದೇ ನನಗೆ ಕಷ್ಟವಾಯಿತು. ಇಂಥ ಸಣ್ಣ ಪಿಸ್ತೂಲುಗಳಲ್ಲಿ ಸ್ಪ್ರಿಂಗ್ ಬಿಗಿ. ಎಳೆಯುವ ಭರದಲ್ಲಿ ಅದರ ಮೂತಿ ಪಕ್ಕಕ್ಕೆ ತಿರುಗುತ್ತಿತ್ತು. ಅದಕ್ಕಿಂತ ನನ್ನನ್ನು ತಡೆದದ್ದು ಇನ್ನೊಂದು ವಿಷಯ. ಗುಂಡು ತುಂಬುವ ಮ್ಯಾಗಜಿನ್ ತೆಗೆದ ಮೇಲೂ ಪಿಸ್ತೂಲಿನ ಒಳಗೆ ಒಂದು ಗುಂಡು ಉಳಿದಿರಬಹುದು. ರಜೆಗೆ ತಮ್ಮನ ಮಕ್ಕಳು ಬರುವ ಮನೆ ನಮ್ಮದು.

ಹಳೆಯ ರಿವಾಲ್ವರನ್ನು ಅಂಗಡಿಯವರು ತೆರೆದು ತೋರಿಸಿದರು. ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಪಕ್ಕದ ಸಣ್ಣ ಹಿಡಿಯನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಇಡೀ ರಿವಾಲ್ವರ್ ನಡುವೆ ಮುರಿದಂತೆ ತೆರೆದುಕೊಳ್ಳುತ್ತದೆ. ನಕ್ಷತ್ರದಂಥ ಒಂದು ಬಿಲ್ಲೆ ಮೇಲೆದ್ದು, ಒಳಗಿರುವ ಆರೂ ತೋಟಾಗಳನ್ನು ಒಟ್ಟಿಗೆ ಹೊರಗೆ ತಳ್ಳುತ್ತದೆ. ಖಾಲಿಯೋ ತುಂಬಿದೆಯೋ, ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ಇದೇ.

ಹಾಗಾಗಿ ರಿವಾಲ್ವರೇ ಅಂತಾಯಿತು. ಇನ್ನು ಉಕ್ಕಿನದೋ, ನಿರ್ಭೀಕೋ? ನಿರ್ಭೀಕ್ ಟೈಟೇನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಡಮ್ಮಿ ತೋಟಾ ಹಾಕಿಸಿ, ನನ್ನ ಕೈ ಅಲುಗುತ್ತದಾ ಅಂತ ನೋಡಲು ಮಾವ ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರು. "ಹ್ಯಾಮರ್ ಎಳೆಯಬೇಡ. ಗಾಬರಿಯಲ್ಲಿ ಅದಕ್ಕೆಲ್ಲ ಪುರುಸೊತ್ತು ಇರಲ್ಲ. ಸುಮ್ನೆ ಟ್ರಿಗರ್ ಒತ್ತು." ಹಾಗೆ ಒತ್ತುವಾಗ ಟ್ರಿಗರ್ ಭಾರ, ಹಾದಿಯೂ ಉದ್ದ. ಉಕ್ಕಿನದರ ಮೇಲೆ ನಾಣ್ಯ ನಿಂತಿತು. ನಿರ್ಭೀಕ್ ಮೇಲಿನಿಂದ ಟಣ್ಣನೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಬಿತ್ತು. ಮಾವ ನನ್ನ ಮುಖ ನೋಡಿದರು.

ಆಮೇಲೆ ಎರಡನ್ನೂ ಹೋಲ್ಸ್ಟರಿಗೆ (ರಿವಾಲ್ವರ್ ಇಡುವ ಒರೆ) ಹಾಕಿ ಸೊಂಟಕ್ಕೆ ಕಟ್ಟಿಕೊಂಡು ಅಂಗಡಿಯೊಳಗೇ ನಡೆದೆ. ಬಗ್ಗಿದೆ, ಕುರ್ಚಿಯಲ್ಲಿ ಕೂತೆ, ಎದ್ದೆ. ಉಕ್ಕಿನದು ಬೆಲ್ಟನ್ನು ಕೆಳಗೆ ಜಗ್ಗುತ್ತದೆ, ಕೂತರೆ ಪಕ್ಕೆಗೆ ಒತ್ತುತ್ತದೆ. ಬೆಳಗಿನಿಂದ ಸಂಜೆವರೆಗೆ ಇಳಿಜಾರಿನ ತೋಟದಲ್ಲಿ ಹತ್ತಿ ಇಳಿಯುವವರಿಗೆ ಇದು ಸಣ್ಣ ವಿಷಯವಲ್ಲ. ಭಾರ ಅಂತ ಒಂದು ದಿನ ಬೀರುವಿನಲ್ಲಿ ಬಿಟ್ಟು ಹೋದರೆ, ತಂದದ್ದೇ ದಂಡ ಅಲ್ವಾ? ಬಿದ್ದ ನಾಣ್ಯವನ್ನು ಅಭ್ಯಾಸದಿಂದ ನಿಲ್ಲಿಸಬಹುದು. ಭಾರವನ್ನು ಅಭ್ಯಾಸ ಕಡಿಮೆ ಮಾಡುವುದಿಲ್ಲ. ನಿರ್ಭೀಕ್ ಅಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದಿನಾ ನಾಣ್ಯ ಇಟ್ಟು ಅಭ್ಯಾಸ ಮಾಡಬೇಕು. ತೋಟಾ ಬೇರೆ ಕೋಣೆಯಲ್ಲಿಟ್ಟು ಮಾಡು" ಅಂದರು.

ಹೋಲ್ಸ್ಟರ್ ಬಗ್ಗೆ ಜನ ಯೋಚನೆಯನ್ನೇ ಮಾಡುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು, ನಮ್ಮ ಹಿಡಿತದಲ್ಲೂ ಇರಬೇಕು. ವ್ಯಾನಿಟಿ ಬ್ಯಾಗ್ ಸಾಕು ಅಂತ ಗೆಳತಿಯೊಬ್ಬಳು ಹೇಳಿದ್ದಳು. ಬ್ಯಾಗನ್ನು ನಾವು ಬ್ಯಾಂಕಿನ ಕೌಂಟರಿನಲ್ಲಿ, ಮದುವೆ ಮನೆಯ ಕುರ್ಚಿಯಲ್ಲಿ ಇಟ್ಟು ಎದ್ದು ಹೋಗುತ್ತೇವೆ. ನನಗೆ ಅದು ಬೇಡವೆನಿಸಿತು. ಟ್ರಿಗರನ್ನು ಪೂರ್ತಿ ಮುಚ್ಚುವ, ಬೆಲ್ಟಿಗೆ ಬಿಗಿಯಾಗಿ ಕೂರುವ ಗಟ್ಟಿ ಹೋಲ್ಸ್ಟರನ್ನೇ ಕೊಂಡೆ. ಚರ್ಮದ್ದು ಚೆಂದ, ಆದರೆ ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಚರ್ಮ ತೇವ ಹೀರಿಕೊಂಡು ಕೂತರೆ ಒಳಗಿನ ಉಕ್ಕಿನ ಭಾಗಗಳಿಗೆ ತುಕ್ಕು. ಹಾಗಾಗಿ ಮನೆಗೆ ಬಂದ ಕೂಡಲೇ ಹೋಲ್ಸ್ಟರಿನಿಂದ ತೆಗೆದು, ಒರೆಸಿ, ಎಣ್ಣೆ ಸವರಿ ಲಾಕರಿಗೆ ಇಡುತ್ತೇನೆ. ತೋಟಾಗಳಿಗೆ ಬೇರೆ ಬೀಗ.

ಉಳಿದಿರುವುದು ರೇನ್‌ಕೋಟಿನ ತಾಪತ್ರಯ. ಉದ್ದನೆಯ ಕೋಟು ಹಾಕಿದರೆ ಕೈ ಸೊಂಟಕ್ಕೆ ತಲುಪುವುದೇ ಇಲ್ಲ. ಗೋಣಿಕೊಪ್ಪದ ಟೈಲರಿಗೆ ಬಲಬದಿಯಲ್ಲಿ ಸೀಳು ಬಿಡಲು ಹೇಳಿದ್ದೇನೆ. ಜಿಪ್ ಹಾಕಿಸು ಅನ್ನುತ್ತಾರೆ ಮಾವ. ಒದ್ದೆ ಕೈಗೆ ಜಿಪ್ ಸಿಕ್ಕಿಹಾಕಿಕೊಳ್ಳುತ್ತದೆ, ನನಗೆ ಪ್ರೆಸ್ ಬಟನ್ನೇ ಬೇಕು.